ಸಾಮಾನಿನ ಮೇಲೆ ನನ್ನ ಲಾಭ ಇದೆ, ಎಸ್ಟಿಮೇಟಲ್ಲೇ ಬರೆದಿರ್ತೀನಿ

"ಸಾಮಾನು ಅಂಗಡಿ ರೇಟಿಗೇ ಹಾಕ್ತೀರ ತಾನೇ?" ಹೊಸದಾಗಿ ಮನೆ ಕಟ್ಟಿಸೋರು ಕೇಳೋ ಮೊದಲ ನಾಲ್ಕೈದು ಪ್ರಶ್ನೆಲಿ ಇದು ಇದ್ದೇ ಇರುತ್ತೆ. ನಾನು ತುಮಕೂರಲ್ಲಿ ಮನೆ ವೈರಿಂಗ್ ಮಾಡೋನು, ಕ್ಯಾತ್ಸಂದ್ರ, ಗುಬ್ಬಿ, ಕೊರಟಗೆರೆ ಕಡೆಗೂ ಹೋಗ್ತೀನಿ, ಈ ಪ್ರಶ್ನೆಗೆ ನನ್ನ ಉತ್ತರ ಎಲ್ಲರಿಗೂ ಒಂದೇ. ಇಲ್ಲ ಸಾರ್, ಅಂಗಡಿ ರೇಟಿನ ಮೇಲೆ ನಂದು ಸ್ವಲ್ಪ ಇರುತ್ತೆ, ಎಷ್ಟು ಅಂತ ಬರೆದು ಕೊಡ್ತೀನಿ ಅಂತೀನಿ. ಹೀಗಂದ ತಕ್ಷಣ ಕೆಲವರ ಮುಖ ಚಿಕ್ಕದಾಗುತ್ತೆ, ಕೆಲವರು "ನೋಡೋಣ, ಫೋನ್ ಮಾಡ್ತೀನಿ" ಅಂತ ಹೋದೋರು ಮತ್ತೆ ಫೋನೇ ಮಾಡಲ್ಲ. ಹೋದ ಕೆಲಸ ಹೋಯ್ತು, ಅದಕ್ಕೆ ಬೇಜಾರಿಲ್ಲ. ಆದ್ರೆ ಇದೇ ಜನ ಆಮೇಲೆ "ಅಂಗಡಿ ರೇಟಿಗೇ ತಂದುಕೊಡ್ತೀನಿ" ಅಂದ ಇನ್ನೊಬ್ಬರಿಗೆ ಕೆಲಸ ಕೊಟ್ಟು, ನಾನು ಕೇಳಿದ್ದಕ್ಕಿಂತ ಜಾಸ್ತಿನೇ ಕಳ್ಕೊಳ್ತಾರಲ್ಲ, ಅದು ಮಾತ್ರ ಹೊಟ್ಟೆ ಉರಿಸುತ್ತೆ. ಅದಕ್ಕೇ ಇದನ್ನ ಪೂರ್ತಿ ಬರೆದುಬಿಡೋಣ ಅನ್ನಿಸ್ತು.

ಬ್ಲೌಸ್ ಹೊಲಿಸೋಕೆ ಹೋದಾಗ ಲೈನಿಂಗ್ ಬಟ್ಟೆ, ಹುಕ್ಕು, ದಾರ ಎಲ್ಲ ಟೈಲರೇ ಹಾಕ್ತಾರೆ, ಲೈನಿಂಗ್ ಎಷ್ಟಕ್ಕೆ ತಂದ್ರಿ ಬಿಲ್ ತೋರಿಸಿ ಅಂತ ಯಾರೂ ಕೇಳಲ್ಲ. ನಮ್ಮ ಹತ್ರ ಮಾತ್ರ ಕೇಳ್ತಾರೆ, ಯಾಕಂದ್ರೆ ನಮ್ಮ ಕೆಲಸದಲ್ಲಿ ಸಾಮಾನಿನ ಮೊತ್ತ ದೊಡ್ಡದು, ಎಷ್ಟೋ ಸಲ ಕೂಲಿಗಿಂತ ಸಾಮಾನೇ ಜಾಸ್ತಿ ಆಗುತ್ತೆ, ಅಷ್ಟು ದುಡ್ಡು ಕೊಡೋರು ಕೇಳೋದು ಅವರ ಹಕ್ಕು. ಕೇಳಲಿ, ನಾನು ಅದಕ್ಕೆ ವಿರೋಧ ಇಲ್ಲ. ಆದ್ರೆ ಕೇಳಬೇಕಾದ ಪ್ರಶ್ನೆ "ಲಾಭ ಇಟ್ಟಿದ್ದೀರಾ" ಅಂತಲ್ಲ, "ಎಷ್ಟು ಇಟ್ಟಿದ್ದೀರಾ, ಅದಕ್ಕೆ ಏನು ಮಾಡ್ತೀರಾ" ಅಂತ.

ಏನು ಮಾಡ್ತೀವಿ ಅಂದ್ರೆ, ಮೊದಲು ಪಾಯಿಂಟ್ ಲೆಕ್ಕ. ಯಾವ ರೂಮಲ್ಲಿ ಎಷ್ಟು ಲೈಟು, ಎಷ್ಟು ಫ್ಯಾನು, ಅಡುಗೆಮನೆಲಿ ಮಿಕ್ಸಿ ಎಲ್ಲಿ, ಫ್ರಿಡ್ಜ್ ಎಲ್ಲಿ, ಗೀಸರ್ ಯಾವ ಬಾತ್‌ರೂಮಲ್ಲಿ, ಮುಂದೆ ಎಸಿ ಹಾಕಿಸ್ತೀರಾ, ಕಾರ್ ಚಾರ್ಜಿಂಗಿಗೆ ಲೈನ್ ಬೇಕಾ, ಇದೆಲ್ಲ ಕೂತು ಬರೆದ ಮೇಲೇನೇ ಲೈಟಿಗೆ 1.5 ಸ್ಕ್ವೇರ್ ಎಂಎಂ ದಪ್ಪದ ವೈರ್ ಎಷ್ಟು ಕಾಯಿಲ್, ಗೀಸರಿಗೆ 2.5 ಎಷ್ಟು, ಎಸಿಗೆ 4 ಎಷ್ಟು ಅಂತ ಬರೋದು, ಒಂದು ಕಾಯಿಲ್ ಅಂದ್ರೆ 90 ಮೀಟರ್, ಲೆಕ್ಕ ತಪ್ಪಿದ್ರೆ ಒಂದು ಕಾಯಿಲ್ ಜಾಸ್ತಿ ಉಳಿಯುತ್ತೆ ಇಲ್ಲಾ ಕೊನೆ ರೂಮಲ್ಲಿ ಕೆಲಸ ನಿಲ್ಲುತ್ತೆ. ಆಮೇಲೆ ಅಂಗಡಿ, ಅಂಗಡಿಲಿ ಕಾಯೋದು, ಗಾಡಿ ಬಾಡಿಗೆ, ಮನೆ ಹತ್ರ ಇಳಿಸೋದು, ಸೈಟಲ್ಲಿ ಕಳ್ಳತನ ಆಗದ ಹಾಗೆ ಬೀಗ ಹಾಕಿಡೋದು, ಅದೂ ತಾಮ್ರದ ವೈರು ಅಂದ್ರೆ ರಾತ್ರೋರಾತ್ರಿ ಮಾಯ ಆಗೋ ವಸ್ತು. ಉಳಿದ ಸಾಮಾನು ವಾಪಸ್ ಕೊಡೋದಿದೆ. ಇನ್ನು ಉದ್ರಿ. ಮನೆ ಓನರ್ ಬ್ಯಾಂಕ್ ಲೋನ್ ಕಂತು ಬಿಡುಗಡೆ ಆಗಿಲ್ಲ ಅಂತ ಒಂದು ತಿಂಗಳು ತಡ ಮಾಡಿದ್ರೆ ಅಂಗಡಿಯವರು ನನ್ನನ್ನ ಕೇಳ್ತಾರೆ, ಅವರನ್ನಲ್ಲ. ನನ್ನ ಹೆಸರಲ್ಲಿ ಉದ್ರಿ ಬರೆದಿರ್ತಾರೆ.

ಇದಕ್ಕಿಂತ ದೊಡ್ಡದು ರೇಟಿನ ರಿಸ್ಕು. ಸ್ಲ್ಯಾಬ್ ಹಾಕೋ ಟೈಮಲ್ಲಿ ಎಸ್ಟಿಮೇಟ್ ಕೊಟ್ಟಿರ್ತೀವಿ, ವೈರ್ ಎಳೆಯೋದು ಪ್ಲಾಸ್ಟರಿಂಗ್ ಎಲ್ಲ ಮುಗಿದ ಮೇಲೆ, ಮಧ್ಯ ಎಷ್ಟೋ ತಿಂಗಳು. ವೈರ್ ರೇಟು ತಾಮ್ರದ ರೇಟಿನ ಜೊತೆ ಏರ್ತಾ ಇಳಿತಾ ಇರುತ್ತೆ, ಕಂಪನಿಯವರು ಹೊಸ ಪ್ರೈಸ್ ಲಿಸ್ಟ್ ಬಿಡ್ತಾನೇ ಇರ್ತಾರೆ. ಮೆಟೀರಿಯಲ್ ಸಮೇತ ಅಂತ ಮಾತಾಡಿದ ಮೇಲೆ ರೇಟ್ ಏರಿತು ಅಂತ ಓನರ್ ಮುಂದೆ ಹೋಗಿ ನಿಂತ್ಕೊಳ್ಳೋಕಾಗಲ್ಲ, ಅದು ನನ್ನ ತಲೆ ಮೇಲೆ. ಈ ಭಾರ ಹೊರೋಕೆ ನಾನು ಇಟ್ಕೊಳ್ಳೋದು ಅನ್ಯಾಯದ ದುಡ್ಡು ಅಂತ ಯಾರಾದ್ರೂ ಹೇಳಿದ್ರೆ ನಾನು ಒಪ್ಪಲ್ಲ.

"ಹಾಗಾದ್ರೆ ನಾವೇ ತರ್ತೀವಿ, ನೀವು ಬರೀ ಕೆಲಸ ಮಾಡಿ" ಅನ್ನೋರಿದ್ದಾರೆ. ಖಂಡಿತ ತರಬಹುದು. ಬೆಂಗಳೂರಿಗೆ 70 ಕಿಲೋಮೀಟರ್, ಬಿವಿಕೆ ಅಯ್ಯಂಗಾರ್ ರೋಡಿಗೆ ಹೋದ್ರೆ ಚಿಕ್ಕಪೇಟೆ ಪಕ್ಕದಲ್ಲೇ ಎಲೆಕ್ಟ್ರಿಕಲ್ ಅಂಗಡಿಗಳ ಸಾಲೇ ಇದೆ, ಒಳ್ಳೆ ಡಿಸ್ಕೌಂಟ್ ಸಿಗುತ್ತೆ, ನಾನೂ ಹೋಗ್ತೀನಿ. ಆದ್ರೆ ಒಬ್ಬರು ಮೇಡಂ ಮನೆಲಿ ಆಗಿದ್ದು ಹೇಳ್ತೀನಿ. ಸ್ವಿಚ್ಚು, ಪ್ಲೇಟು ಎಲ್ಲ ಅವರೇ ಆನ್‌ಲೈನಲ್ಲಿ ಆಫರ್ ನೋಡಿ ತರಿಸಿದ್ರು, ನೋಡೋಕೆ ತುಂಬ ಚೆನ್ನಾಗಿತ್ತು, ಒಳ್ಳೆ ಕಂಪನಿದೇ. ಹಾಲಲ್ಲಿ, ಬೆಡ್‌ರೂಮಲ್ಲಿ 8 ಮಾಡ್ಯೂಲ್ ಪ್ಲೇಟ್ ಬೇಕು ಅಂತ ನಾನು ಬರೆದು ಕೊಟ್ಟಿದ್ದೆ, ಪಕ್ಕದಲ್ಲಿ ಹಾರಿಜಾಂಟಲ್ ಅಂತಾನೂ ಬರೆದಿದ್ದೆ. ಅವರು ತರಿಸಿದ್ದು 8 ಮಾಡ್ಯೂಲೇ, ಆದ್ರೆ ಸ್ಕ್ವೇರ್. ಎರಡರಲ್ಲೂ ಎಂಟೇ ಸ್ವಿಚ್ ಕೂರುತ್ತೆ, ಒಂದರಲ್ಲಿ ಎಂಟೂ ಒಂದೇ ಸಾಲಲ್ಲಿ, ಇನ್ನೊಂದರಲ್ಲಿ ಮೇಲೆ ನಾಲ್ಕು ಕೆಳಗೆ ನಾಲ್ಕು. ಗೋಡೆಲಿ ಉದ್ದದ ಮೆಟಲ್ ಬಾಕ್ಸ್ ಕೂರಿಸಿ, ಪ್ಲಾಸ್ಟರ್ ಆಗಿ, ಪುಟ್ಟಿ ಆಗಿ, ಒಂದು ಕೋಟ್ ಪೇಂಟ್ ಕೂಡ ಆಗಿತ್ತು. ಪ್ಲೇಟ್ ಇಟ್ಟು ನೋಡಿದ್ರೆ ಅಕ್ಕಪಕ್ಕ ಬಾಕ್ಸ್ ಹೊರಗೆ ಕಾಣುತ್ತೆ, ಮೇಲೆ ಕೆಳಗೆ ಪ್ಲೇಟ್ ಗೋಡೆ ಮೇಲೆ ಕೂರುತ್ತೆ. ರಿಟರ್ನ್ ಹಾಕಿದ್ರೆ ಡಬ್ಬ ಓಪನ್ ಆಗಿದೆ ಅಂದ್ರು. ಪಾಪ ಆ ಮೇಡಂ ಮಾಡಿದ್ದರಲ್ಲಿ ತಪ್ಪೇನಿಲ್ಲ, ದಿನಾ ಇದರಲ್ಲೇ ಇರೋರಿಗೆ ಬಿಟ್ರೆ ಬೇರೆಯವರಿಗೆ ಗೊತ್ತಾಗೋ ವಿಷಯ ಅಲ್ಲ ಅದು. ಕೊನೆಗೆ ಹೊಸ ಪ್ಲೇಟ್ ತರಿಸಿದ್ದು, ನಮ್ಮ ಹುಡುಗರು ಮತ್ತೆ ಬಂದಿದ್ದು, ಪೇಂಟರ್ ಮತ್ತೆ ಟಚಪ್ ಮಾಡಿದ್ದು, ಆಫರಲ್ಲಿ ಉಳಿದಿದ್ದಕ್ಕಿಂತ ಜಾಸ್ತಿ ಹೋಯ್ತು. ಅದೇ ನಾನು ತಂದಿದ್ರೆ? ತಪ್ಪು ಪ್ಲೇಟ್ ಬಂದಿದ್ರೆ ಬದಲಾಯಿಸೋದು ನನ್ನ ಜವಾಬ್ದಾರಿ, ಅವರಿಗೆ ವಿಷಯ ಗೊತ್ತೂ ಆಗ್ತಿರಲಿಲ್ಲ.

ಸಾಮಾನು ಓನರೇ ತಂದ್ರೆ ನನ್ನ ಕೂಲಿ ರೇಟ್ ಬೇರೆ ಇರುತ್ತೆ, ಅದನ್ನೂ ಮೊದಲೇ ಹೇಳ್ತೀನಿ. ಯಾಕಂದ್ರೆ ಲಿಸ್ಟ್ ಮಾಡೋದು ನಾನೇ, ಅಂಗಡಿಯಿಂದ ಓನರ್ ವಿಡಿಯೋ ಕಾಲ್ ಮಾಡಿ "ಇದಾ ಅದಾ" ಅಂತ ಕೇಳಿದಾಗ ಹೇಳೋದು ನಾನೇ, ಒಂದು ಐಟಂ ಮರೆತು ಬಂದ್ರೆ ಕೆಲಸ ನಿಂತು ಕೂರೋದು ನನ್ನ ಹುಡುಗರೇ. ಅವತ್ತಿನ ಕೂಲಿ ಅವರಿಗೆ ಕೊಡಲೇಬೇಕಲ್ಲ.

ಇಷ್ಟು ನಮ್ಮ ಪರವಾಗಿ ಹೇಳಿದ್ದು. ಈಗ ನಮ್ಮ ಲೈನಲ್ಲಿ ನಡೆಯೋ ಇನ್ನೊಂದು ವಿಷಯ, ಇದನ್ನ ಬರೆದಿದ್ದಕ್ಕೆ ನಮ್ಮವರೇ ಕೆಲವರು ಬೈತಾರೆ, ಬೈಲಿ.

ಎಲೆಕ್ಟ್ರಿಕಲ್ ಅಂಗಡಿಗೆ ಹೊಸ ಹುಡುಗ ಒಬ್ಬ ಓನರ್ ಕೊಟ್ಟ ದುಡ್ಡು ಹಿಡ್ಕೊಂಡು ಹೋಗ್ತಾನೆ. ಸಾಮಾನೆಲ್ಲ ಕೌಂಟರ್ ಮೇಲೆ ಬಂತು, ಅಂಗಡಿಯವನು ಕ್ಯಾಲ್ಕುಲೇಟರ್ ಒತ್ತಿ ಮೊತ್ತ ತೋರಿಸ್ತಾನೆ, ಬಾಯಲ್ಲಿ ಹೇಳಲ್ಲ, ತಿರುಗಿಸಿ ತೋರಿಸ್ತಾನೆ. ಆಮೇಲೆ ಎಸ್ಟಿಮೇಟ್ ಬುಕ್ ತೆಗೆದು ಕಾರ್ಬನ್ ಶೀಟ್ ಸರಿಮಾಡ್ಕೊಂಡು "ಅಣ್ಣಾ, ಬಿಲ್ ಎಷ್ಟಕ್ಕೆ ಹಾಕ್ಲಿ?" ಅಂತಾನೆ. ಅಷ್ಟೇ ಮಾತು. ಹುಡುಗ ಎಷ್ಟು ಹೇಳ್ತಾನೋ ಅಷ್ಟಕ್ಕೆ ಬಿಲ್ ಆಗುತ್ತೆ, ಮೇಲಿನ ದುಡ್ಡು ಅವನ ಜೇಬಿಗೆ, ಇಲ್ಲಾ ಅಂಗಡಿಲಿ ಅವನ ಖಾತೆಗೆ. ಇದು ಸಾಧ್ಯ ಆಗೋದು ಯಾಕೆ ಅಂದ್ರೆ, ವೈರು, ಸ್ವಿಚ್ಚು, ಎಂಸಿಬಿ (ಲೋಡ್ ಜಾಸ್ತಿ ಆದ್ರೆ ತಾನಾಗೇ ಕರೆಂಟ್ ಕಟ್ ಮಾಡೋ ಸ್ವಿಚ್ಚು) ಇವೆಲ್ಲ ಲಿಸ್ಟ್ ಪ್ರೈಸ್ ಮೇಲೆ ಡಿಸ್ಕೌಂಟ್ ಅನ್ನೋ ಲೆಕ್ಕದಲ್ಲಿ ನಡೆಯೋ ಸಾಮಾನು. ಡಬ್ಬದ ಮೇಲೆ ಒಂದು ರೇಟ್ ಇರುತ್ತೆ, ಆ ರೇಟಿಗೆ ಯಾರೂ ತಗೊಳ್ಳಲ್ಲ. ಡಿಸ್ಕೌಂಟ್ ಎಷ್ಟು ಅನ್ನೋದು ಯಾರು ಕೇಳ್ತಿದ್ದಾರೆ ಅನ್ನೋದರ ಮೇಲೆ. ಹಾಗಾಗಿ ಡಬ್ಬದ ಮೇಲಿನ ರೇಟಿಗಿಂತ ಕಮ್ಮಿಗೇ ಬಿಲ್ ಹಾಕಿದ್ರೂ ಮಧ್ಯದಲ್ಲಿ ದೊಡ್ಡ ಗ್ಯಾಪ್ ಉಳಿದಿರುತ್ತೆ, ಓನರ್ ಡಬ್ಬ ನೋಡಿ ಬಿಲ್ ನೋಡಿ ಖುಷಿಯಾಗ್ತಾನೆ.

ಇದು ತಪ್ಪು. "ಎಲ್ಲರೂ ಮಾಡ್ತಾರೆ" ಅಂದ್ರೂ ತಪ್ಪೇ, "ಓನರ್ ಕೂಲಿಲಿ ಚೌಕಾಸಿ ಮಾಡಿದ, ಇಲ್ಲಿ ಸರಿ ಮಾಡ್ಕೊಂಡೆ" ಅಂದ್ರೂ ತಪ್ಪೇ.

ಯಾಕೆ ತಪ್ಪು ಅನ್ನೋದಕ್ಕೆ ನಂಗೆ ಎರಡು ಕಾರಣ. ಒಂದು, ಅಂಗಡಿ ಕೌಂಟರ್ ಮುಂದೆ ನಿಂತಾಗ ನಾನು ಯಾರ ಪರವಾಗಿ ನಿಂತಿದ್ದೀನಿ ಅನ್ನೋದು. "ನಿಮ್ಮ ದುಡ್ಡಲ್ಲಿ ನಿಮಗೋಸ್ಕರ ತಂದುಕೊಡ್ತೀನಿ" ಅಂತ ಹೇಳಿ ಹೋದ್ರೆ ಅಲ್ಲಿ ನಾನು ಓನರ್ ಕಡೆ ಮನುಷ್ಯ, ನಾನು ಕೇಳಿ ಪಡೆದ ಡಿಸ್ಕೌಂಟ್ ಪೂರ್ತಿ ಓನರಿಗೆ ಸೇರಬೇಕಾದ್ದು. "ನಾನು ತಂದು ನಿಮಗೆ ಈ ರೇಟಿಗೆ ಹಾಕ್ತೀನಿ" ಅಂದ್ರೆ ಅಲ್ಲಿ ನಾನೇ ವ್ಯಾಪಾರಿ, ಅಂಗಡಿಯವನು ನನಗೆ ಎಷ್ಟು ಕಮ್ಮಿ ಮಾಡಿದ ಅನ್ನೋದು ನನ್ನ ವಿಷಯ. ಎರಡೂ ಸರಿಯಾದ ದಾರಿನೇ, ಮೊದಲನೇದರ ಮಾತು ಕೊಟ್ಟು ಎರಡನೇದನ್ನ ಮಾಡೋದು ಮಾತ್ರ ಮೋಸ. ಇದು ನಾನೊಬ್ಬ ಹೇಳೋದಲ್ಲ, 1872ರ ಇಂಡಿಯನ್ ಕಾಂಟ್ರಾಕ್ಟ್ ಆಕ್ಟಲ್ಲೇ ಇದರ ಬಗ್ಗೆ ಇದೆ. ಅದರ 216ನೇ ಸೆಕ್ಷನ್ ಪ್ರಕಾರ, ಒಬ್ಬರ ಏಜೆಂಟ್ ಆಗಿ ಹೋದೋನು ಅವರಿಗೆ ಗೊತ್ತಿಲ್ಲದ ಹಾಗೆ ಆ ವ್ಯವಹಾರದಲ್ಲಿ ತನಗೋಸ್ಕರ ಡೀಲ್ ಮಾಡ್ಕೊಂಡ್ರೆ, ಅದರಿಂದ ಬಂದ ಲಾಭನ ಕಳಿಸಿದೋರು ಕೇಳಿ ಪಡೀಬಹುದು. ಅಲ್ಲೂ ಗಮನಿಸಬೇಕಾದ್ದು "ಗೊತ್ತಿಲ್ಲದ ಹಾಗೆ" ಅನ್ನೋದು. ಗೊತ್ತು ಮಾಡಿ, ಒಪ್ಪಿಸಿ ತಗೊಂಡ್ರೆ ತಕರಾರೇ ಇಲ್ಲ.

ಎರಡನೇ ಕಾರಣ ನಂಗೆ ಇನ್ನೂ ಮುಖ್ಯ. ಗುಟ್ಟಾಗಿ ಬರೋ ಕಮಿಷನ್ ಯಾವ ಸಾಮಾನು ತರಬೇಕು ಅನ್ನೋದನ್ನೇ ಬದಲಾಯಿಸಿಬಿಡುತ್ತೆ. ಒಳಗೆ ವೈರ್ ಹೋಗೋಕೆ ಸ್ಲ್ಯಾಬಿಗೆ ಹಾಕೋ ಪಿವಿಸಿ ಪೈಪ್ ತಗೊಳ್ಳಿ. ಲೈಟ್, ಮೀಡಿಯಂ, ಹೆವಿ ಅಂತ ಬರುತ್ತೆ, ಹೊರಗಿನ ಸೈಜು ಒಂದೇ, ಪೈಪಿನ ದಪ್ಪ ಬೇರೆ, ದೂರದಿಂದ ನೋಡಿದ್ರೆ ಓನರಿಗೆ ವ್ಯತ್ಯಾಸ ಗೊತ್ತಾಗಲ್ಲ, ಕೈಯಲ್ಲಿ ಅದುಮಿ ನೋಡಿದ್ರೆ ಗೊತ್ತಾಗುತ್ತೆ. ಸ್ಲ್ಯಾಬ್ ಕಾಂಕ್ರೀಟ್ ದಿನ ಕಂಬಿ ಮೇಲೆ ಹತ್ತಾರು ಜನ ಓಡಾಡ್ತಾರೆ, ಮೇಲಿಂದ ಕಾಂಕ್ರೀಟ್ ಸುರೀತಾರೆ, ವೈಬ್ರೇಟರ್ ಬಿಡ್ತಾರೆ, ತೆಳು ಪೈಪ್ ಎಲ್ಲೋ ಒಂದು ಬೆಂಡ್ ಹತ್ರ ಚಪ್ಪಟೆ ಆಗುತ್ತೆ ಇಲ್ಲಾ ಜಾಯಿಂಟ್ ಬಿಟ್ಟು ಒಳಗೆ ಸಿಮೆಂಟ್ ಹಾಲು ಹೋಗಿ ಕಟ್ಕೊಳ್ಳುತ್ತೆ. ಅದು ಗೊತ್ತಾಗೋದು ತಿಂಗಳುಗಟ್ಟಲೆ ಆದ್ಮೇಲೆ, ವೈರ್ ಎಳೆಯೋಕೆ ಸ್ಪ್ರಿಂಗ್ ಬಿಟ್ಟಾಗ. ಸ್ಪ್ರಿಂಗ್ ಅಲ್ಲೇ ನಿಂತ್ಕೊಂಡ್ರೆ ಮುಗೀತು, ಇಲ್ಲ ಸ್ಲ್ಯಾಬ್ ಒಡೀಬೇಕು ಇಲ್ಲ ಹೊರಗೆ ಕಾಣೋ ಹಾಗೆ ಪೈಪ್ ಎಳೀಬೇಕು, ಹೊಸ ಮನೆಗೆ ಅದು ನೋಡೋಕಾಗಲ್ಲ. ಕಮಿಷನ್ ಜಾಸ್ತಿ ಯಾವ ಪೈಪಲ್ಲಿ ಸಿಗುತ್ತೆ ಅಂತ ಯೋಚನೆ ಮಾಡಿ ತಂದ ದಿನವೇ ಆ ಮನೆಗೆ ಈ ತೊಂದರೆ ಬಂತು ಅಂತ ಅರ್ಥ. ವೈರಲ್ಲೂ ಅಷ್ಟೇ, ಐಎಸ್ 694 (ವೈರಿನ ಗುಣಮಟ್ಟದ ನಂಬರ್) ಅಂತ ಐಎಸ್‌ಐ ಮಾರ್ಕ್ ಇರೋ ಒಳ್ಳೆ ಕಂಪನಿ ವೈರಲ್ಲಿ ಮಾರ್ಜಿನ್ ಕಮ್ಮಿ, ಹೆಸರೇ ಕೇಳದ ವೈರಲ್ಲಿ ಮಾರ್ಜಿನ್ ಜಾಸ್ತಿ. ಬೆಸ್ಕಾಂ ಕನೆಕ್ಷನ್ ತಗೊಳ್ಳುವಾಗ ವೈರಿಂಗ್ ಸರಿ ಇದೆ ಅಂತ ಲೈಸೆನ್ಸ್ ಇರೋ ಕಾಂಟ್ರಾಕ್ಟರ್ ಸಹಿ ಹಾಕಬೇಕು, ಅಂಥ ವೈರ್ ಹಾಕಿ ಅದರ ಕೆಳಗೆ ಸಹಿ ಮಾಡೋಕೆ ಕೈ ಹೇಗೆ ಬರುತ್ತೋ.

ಎಸ್ಟಿಮೇಟಲ್ಲಿ ಬರೆದು ತಗೊಳ್ಳೋ ಲಾಭದಲ್ಲಿ ಈ ಕಾಟ ಇಲ್ಲ, ಯಾವ ಕಂಪನಿ ಹಾಕಿದ್ರೂ ನನಗೆ ಬರೋದು ಮೊದಲೇ ಗೊತ್ತು, ಓನರಿಗೂ ಗೊತ್ತು.

ಇನ್ನು ಎಷ್ಟು ಅನ್ನೋದು. ಎಲ್ಲದರ ಮೇಲೂ ಒಂದೇ ಪರ್ಸೆಂಟ್ ಹಾಕೋದು ನಂಗೆ ಸರಿ ಕಾಣಲ್ಲ. ಪರ್ಸೆಂಟ್ ಲೆಕ್ಕ ಆದ್ರೆ ಸಾಮಾನು ದುಬಾರಿ ಆದಷ್ಟೂ ನನಗೆ ಜಾಸ್ತಿ, ಹಾಗಿದ್ದಾಗ ಓನರಿಗೆ ದುಬಾರಿದೇ ಹೇಳೋಣ ಅನ್ನಿಸೋದು ಮನುಷ್ಯ ಸಹಜ, ಆ ಆಸೆಗೆ ಜಾಗನೇ ಇಡಬಾರದು. ಇನ್ವರ್ಟರ್ ಬ್ಯಾಟರಿ ನೋಡಿ, 18,000 ರೂಪಾಯಿದು ಅಂತ ಇಟ್ಕೊಳ್ಳಿ, ಅದರ ಮೇಲೆ 15 ಪರ್ಸೆಂಟ್ ಅಂದ್ರೆ 2,700 ಆಯ್ತು. ಒಂದು ಬ್ಯಾಟರಿ ತಂದು ಇಳಿಸೋಕೆ ಅಷ್ಟು ಕೇಳೋದು ನ್ಯಾಯ ಅಲ್ಲ, ವಾರಂಟಿ ಹೇಗಿದ್ರೂ ಕಂಪನಿದು. ಅಂಥ ದೊಡ್ಡ ಐಟಂಗೆ ನಾನು ಅಂಗಡಿ ಬಿಲ್ಲೇ ಓನರ್ ಹೆಸರಲ್ಲಿ ಹಾಕಿಸ್ತೀನಿ, ತಂದು ಕೂರಿಸೋದಕ್ಕೆ ಇಷ್ಟು ಅಂತ ಬೇರೆ ತಗೊಳ್ತೀನಿ. ಅದೇ ಸ್ಕ್ರೂ, ಗಿಟ್ಟಿ (ಸ್ಕ್ರೂ ಕೂರಿಸೋಕೆ ಗೋಡೆಗೆ ಹಾಕೋ ಪ್ಲಗ್ಗು), ಇನ್ಸುಲೇಷನ್ ಟೇಪು, ಕ್ಲಾಂಪು, ಬೆಂಡು ಇಂಥವೆಲ್ಲ ಸೇರಿ 400 ರೂಪಾಯಿ ಆಗುತ್ತೆ, ಅದರ ಮೇಲೆ 25 ಪರ್ಸೆಂಟ್ ಇಟ್ರೂ 100 ರೂಪಾಯಿ, ಬಿಎಚ್ ರೋಡಿಗೆ ಹೋಗಿ ಬರೋ ಪೆಟ್ರೋಲು, ಟೈಮು ಅಷ್ಟಕ್ಕೇ ಸರಿಹೋಗುತ್ತೆ. ವೈರು, ಪೈಪು, ಸ್ವಿಚ್ಚು ಅನ್ನೋ ಮಧ್ಯದ ಸಾಮಾನಿಗೆ 10 ಪರ್ಸೆಂಟ್ ಇಡ್ತೀನಿ, ಅದು ಉದ್ರಿ ಮತ್ತು ರೇಟಿನ ರಿಸ್ಕಿಗೆ. ಬೇರೆ ಊರಲ್ಲಿ ಬೇರೆ ಇರಬಹುದು. ಆದ್ರೆ ಡಬ್ಬದ ಮೇಲಿನ ಎಂಆರ್‌ಪಿ ದಾಟೋ ಹಾಗಿಲ್ಲ, ಪ್ಯಾಕ್ ಆಗಿ ಬರೋ ಸಾಮಾನನ್ನ ಅದಕ್ಕಿಂತ ಜಾಸ್ತಿಗೆ ಮಾರಬಾರದು ಅಂತ ಲೀಗಲ್ ಮೆಟ್ರಾಲಜಿಯವರ 2011ರ ರೂಲ್ಸ್ ಇದೆ. ಎಂಆರ್‌ಪಿಗೇ ಸಿಗೋ ಸಣ್ಣ ಐಟಂ ಇದ್ರೆ ಅದರ ಮೇಲೆ ಲಾಭ ಇಲ್ಲ, ಹೋಗಿ ತಂದಿದ್ದಕ್ಕೆ ಕೂಲಿಲಿ ಸೇರಿಸಿ ಕೇಳಬೇಕು ಅಷ್ಟೇ.

ನಮ್ಮ ಕಡೆ ಹುಡುಗರಿಗೆ ಇನ್ನೊಂದು ಮಾತು, ಜಿಎಸ್‌ಟಿ ಬಗ್ಗೆ. "ಲಾಭನೇ ಬೇಡ, ಬಂದ ರೇಟಿಗೇ ಕೊಟ್ಟುಬಿಡ್ತೀನಿ" ಅನ್ನೋರೂ ಇದ್ದಾರೆ, ಒಳ್ಳೆ ಮನಸ್ಸಿಂದಾನೇ ಹೇಳ್ತಾರೆ. ಆದ್ರೆ ಮೆಟೀರಿಯಲ್ ದುಡ್ಡೆಲ್ಲ ನಿಮ್ಮ ಫೋನ್‌ಪೇ, ಗೂಗಲ್‌ಪೇಗೆ ಬಂದು ಅಲ್ಲಿಂದ ಅಂಗಡಿಗೆ ಹೋಗುತ್ತಲ್ಲ, ಮೆಟೀರಿಯಲ್ ಸಮೇತ ಒಪ್ಕೊಂಡ ಕೆಲಸದಲ್ಲಿ ಅದೆಲ್ಲ ನಿಮ್ಮ ವಹಿವಾಟೇ. ಸರ್ವಿಸ್ ಕೊಡೋರಿಗೆ ವರ್ಷಕ್ಕೆ 20 ಲಕ್ಷ, ಬರೀ ಸರಕು ಮಾರೋರಿಗೆ 40 ಲಕ್ಷ ದಾಟಿದ್ರೆ ರಿಜಿಸ್ಟ್ರೇಷನ್ ಮಾಡಿಸಬೇಕು. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ವಾಣಿಜ್ಯ ತೆರಿಗೆ ಇಲಾಖೆ ನೋಟಿಸ್ ಕೊಟ್ಟಾಗ ಬೇಕರಿ, ಕಾಂಡಿಮೆಂಟ್ಸ್ ಅಂಗಡಿಯವರು ಕ್ಯೂಆರ್ ಕೋಡ್ ಕಿತ್ತು ಹಾಕಿದ್ದು ಎಲ್ಲರೂ ನೋಡಿದ್ದೀವಿ. ನಾಲ್ಕೈದು ಮನೆ ಸಾಮಾನು ಸಮೇತ ಮಾಡಿದ್ರೆ 20 ಲಕ್ಷ ಏನೂ ದೂರ ಇಲ್ಲ, ಅದರಲ್ಲಿ ನಮ್ಮ ದುಡಿಮೆ ಸಣ್ಣ ಪಾಲು ಅಷ್ಟೇ. ಒಂದು ರೂಪಾಯಿ ಲಾಭ ಇಲ್ಲದೆ ಇನ್ನೊಬ್ಬರ ದುಡ್ಡನ್ನ ನಿಮ್ಮ ಅಕೌಂಟಲ್ಲಿ ಓಡಾಡಿಸಿ, ಆಮೇಲೆ ಆಡಿಟರ್ ಫೀಸೂ ನೀವೇ ಕೊಡೋದು ಯಾಕೆ? ಲಾಭ ಬೇಡ ಅಂದ್ರೆ ಓನರಿಂದಾನೇ ಅಂಗಡಿಗೆ ಪೇಮೆಂಟ್ ಮಾಡಿಸಿ, ಅವರ ಹೆಸರಲ್ಲೇ ಬಿಲ್ ಹಾಕಿಸಿ, ಕ್ಲೀನಾಗಿರುತ್ತೆ.

ಮನೆ ಕಟ್ಟಿಸೋರಿಗೂ ಒಂದು ಹೇಳಬೇಕು. ಗುಟ್ಟು ಕಮಿಷನ್ ಇಷ್ಟು ಬೇರೂರಿರೋದಕ್ಕೆ ಕೂಲಿ ರೇಟಲ್ಲಿ ನಡೆಯೋ ಚೌಕಾಸಿನೂ ಕಾರಣ. ಚದರಕ್ಕೆ ಇಷ್ಟು ಅಂತ ಒಬ್ಬ ಹೇಳ್ತಾನೆ, ಅದರಲ್ಲಿ ಕಾಲು ಭಾಗ ಇಳಿಸಿ ಇನ್ನೊಬ್ಬನಿಗೆ ಕೊಡ್ತೀರಿ, ಅವನಿಗೂ ಹೆಂಡತಿ ಮಕ್ಕಳು, ಹುಡುಗರ ಕೂಲಿ, ಡ್ರಿಲ್ಲಿಂಗ್ ಮಷಿನ್ ರಿಪೇರಿ ಎಲ್ಲ ಇದೆ, ಆ ರೇಟಲ್ಲಿ ಅವನು ಬದುಕೋಕಾಗಲ್ಲ ಅಂತ ನಿಮಗೂ ಒಳಗೊಳಗೆ ಗೊತ್ತಿರುತ್ತೆ. ತೀರಾ ಕಮ್ಮಿ ಕೂಲಿಗೆ ಒಪ್ಕೊಂಡೋನು ಸಾಮಾನು ನಾನೇ ತರ್ತೀನಿ ಅಂತ ಪಟ್ಟು ಹಿಡಿದ್ರೆ ಅಲ್ಲೇ ಅರ್ಥ ಮಾಡ್ಕೊಳ್ಳಿ. ಅವನನ್ನ ಬೈಯೋ ಮುಂಚೆ ಎಸ್ಟಿಮೇಟ್ ಕೇಳುವಾಗ ಕೂಲಿ ಬೇರೆ, ಸಾಮಾನು ಬೇರೆ, ಸಾಮಾನಿನ ಮೇಲೆ ನಿಮ್ಮದೆಷ್ಟು ಅಂತ ಮೂರು ಲೈನ್ ಬರೆಸ್ಕೊಳ್ಳಿ. ಕಂಪನಿ ಹೆಸರು, ಸೈಜು, ಪೈಪ್ ಮೀಡಿಯಮ್ಮಾ ಹೆವಿನಾ ಅನ್ನೋದೂ ಅದರಲ್ಲೇ ಇರಲಿ. ಸಾಮಾನಿಗೆ ಅಂಗಡಿಯವರು ಬಿಲ್ ಬದಲು ಬರೆದುಕೊಡೋ ಎಸ್ಟಿಮೇಟ್ ಚೀಟಿ ಬೇಡ, ಜಿಎಸ್‌ಟಿ ಬಿಲ್ಲೇ ಬೇಕು ಅನ್ನಿ, 18 ಪರ್ಸೆಂಟ್ ಟ್ಯಾಕ್ಸ್ ಉಳಿಯುತ್ತೆ ಅಂತ ಚೀಟಿ ತಗೊಂಡ್ರೆ ನಾಳೆ ಎಂಸಿಬಿ ಕೆಟ್ಟಾಗ ವಾರಂಟಿ ಕೇಳೋಕೆ ಕೈಯಲ್ಲಿ ಏನೂ ಇರಲ್ಲ.

ಇನ್ನು ಕೂಪನ್. ಪೇಂಟ್ ಡಬ್ಬದೊಳಗೆ ಪೇಂಟರಿಗೆ ಅಂತ ಟೋಕನ್ ಬರೋದು ಹಳೇ ಕಾಲದಿಂದ ಇದೆ, ಈಗ ವೈರ್ ಡಬ್ಬದಲ್ಲೂ ಕ್ಯೂಆರ್ ಕೋಡ್ ಇರುತ್ತೆ, ಸ್ಕ್ಯಾನ್ ಮಾಡಿದ್ರೆ ನಮಗೆ ಪಾಯಿಂಟ್ಸ್ ಬರುತ್ತೆ. ಇದನ್ನೂ ಕಮಿಷನ್ ಅಂತಾರೆ ಕೆಲವರು. ನಾನು ಹಾಗೆ ನೋಡಲ್ಲ, ಯಾಕಂದ್ರೆ ಕಂಪನಿಯವರು ಕೆಲಸ ಮಾಡೋರಿಗೇ ಅಂತ ಇಟ್ಟಿರೋದು ಅದು, ಅದರಿಂದ ಓನರ್ ಬಿಲ್ ಏರಿಸೋಕೂ ಆಗಲ್ಲ. ಆದ್ರೆ ಪಾಯಿಂಟ್ಸ್ ಆಸೆಗೆ ಬ್ರ್ಯಾಂಡ್ ಬದಲಾಯಿಸಬಾರದು, ಮತ್ತೆ ಓನರ್ ಎದುರಿಗೇ ಡಬ್ಬ ಓಪನ್ ಮಾಡಿ ಸ್ಕ್ಯಾನ್ ಮಾಡಬೇಕು. ಓನರೇ ತಂದ ಡಬ್ಬ ಆದ್ರೆ "ಇದು ನಮಗೆ ಬರೋದು, ತಗೊಳ್ಳಲಾ ಅಣ್ಣಾ" ಅಂತ ಕೇಳ್ತೀನಿ, ಇಲ್ಲಿವರೆಗೂ ಯಾರೂ ಬೇಡ ಅಂದಿಲ್ಲ.